ಬೆಳಕಿನ ಬೆಲೆಯೂ ಬಳಕೆದಾರನ ಅಧಿಕಾರವೂ

2021ರ ಫೆಬ್ರುವರಿ 1ರಂದು ಲೋಕಸಭೆಯಲ್ಲಿ ಆಯವ್ಯಯವನ್ನು ಮಂಡಿಸುತ್ತ ಕೇಂದ್ರದ ಅರ್ಥಸಚಿವರು, ದೇಶದ ವಿದ್ಯುತ್ ವಿತರಣ ಕಂಪನಿಗಳು ಸರ್ಕಾರದವಾಗಿರಲಿ ಖಾಸಗಿಯವಾಗಿರಲಿ ಏಕಸ್ವಾಮ್ಯವನ್ನು ಅನುಭವಿಸುತ್ತಿವೆಯೆಂದೂ, ಗ್ರಾಹಕನು ಒಂದಕ್ಕಿಂತ ಹೆಚ್ಚು ಕಂಪನಿಗಳೊಳಗೆ ತನಗೆ ಬೇಕಾದುದನ್ನು ಆರಿಸಿಕೊಳ್ಳುವಂತಹ ವ್ಯವಸ್ಥೆಯನ್ನು ತರಲಾಗುವುದೆಂದೂ ಸಾರಿದರು. ಆ ಆಶಯವನ್ನು ಹೊತ್ತ ತಿದ್ದುಪಡಿಯ ವಿಧೇಯಕವು 2022ರ ಆಗಸ್ಟ್ 8ರಂದು ಸಭೆಯ ಮುಂದೆ ಬಂದು, ಪ್ರಬಲವಾದ ವಿರೋಧದ ನಡುವೆ ಸ್ಥಾಯೀ ಸಮಿತಿಯ ಪರಿಶೀಲನೆಗೆ ಹೋಯಿತು. 2025ರ ಅಕ್ಟೋಬರಿನಲ್ಲಿ ಕೇಂದ್ರದ ವಿದ್ಯುತ್ ಸಚಿವಾಲಯವು ಇನ್ನೊಂದು ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯವನ್ನು ಕೇಳಿತು. ಇಂತಿರಲು, ಕಡಿಮೆ ದರಕ್ಕಾಗಿ ವಿದ್ಯುತ್ತಿನ ಮಾರಾಟಗಾರನನ್ನು ಬದಲಾಯಿಸುವ ಅಧಿಕಾರವು ಮನೆಮನೆಗೂ ಬರುವುದು ಶ್ರೇಯಸ್ಕರವೇ ಎಂಬ ಪ್ರಶ್ನೆಯು ದೂರದೇಶದ ಚರ್ಚೆಯಾಗಿ ಉಳಿದಿಲ್ಲ. ಕುಮುದ್ವತಿಯ ದಡದ ರಟ್ಟೀಹಳ್ಳಿಯಂತಹ ಊರಿನ ಗೃಹಸ್ಥನೂ ಇದಕ್ಕೆ ಉತ್ತರವನ್ನು ಯೋಚಿಸಬೇಕಾದ ಕಾಲ ಬಂದಿದೆ.

ಆ ಗೃಹಸ್ಥನಿಗೆ ಇಂದು ಆಯ್ಕೆಯೆಂಬುದಿಲ್ಲ. 2002ರ ಜೂನ್ 1ರಿಂದ ಧಾರವಾಡ, ಹಾವೇರಿ, ಗದಗ, ಉತ್ತರ ಕನ್ನಡ, ಬೆಳಗಾವಿ, ವಿಜಯಪುರ, ಬಾಗಲಕೋಟೆ ಈ ಏಳು ಜಿಲ್ಲೆಗಳಿಗೆ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯೇ ವಿತರಕ; ಜನರ ಬಾಯಲ್ಲಿ ಅದು ಹೆಸ್ಕಾಂ, ಹಿರಿಯರ ಬಾಯಲ್ಲಿ ಇನ್ನೂ ಕೆ.ಇ.ಬಿ. ಕರ್ನಾಟಕದಲ್ಲಿ ಒಂದು ಮೆಗಾವಾಟಿಗೂ ಮೀರಿದ ಬೇಡಿಕೆಯುಳ್ಳ ಕಾರ್ಖಾನೆಯು ಮುಕ್ತ ಪ್ರವೇಶವೆಂಬ ಹಕ್ಕಿನಿಂದ ತನಗೆ ಬೇಕಾದೆಡೆಯಿಂದ ವಿದ್ಯುತ್ತನ್ನು ಕೊಳ್ಳಬಲ್ಲುದು. 2022ರ ನಿಯಮಗಳ ಪ್ರಕಾರ ಸೌರ, ಪವನ ಮೊದಲಾದ ಮೂಲಗಳ ವಿದ್ಯುತ್ತಿಗೆ ಈ ಮಿತಿಯು ನೂರು ಕಿಲೋವಾಟಿಗೆ ಇಳಿದಿದೆ. ದೊಡ್ಡವನಿಗೆ ಉಂಟಾದ ಸ್ವಾತಂತ್ರ್ಯವು ಸಣ್ಣವನಿಗೆ ಏಕಿರಬಾರದು ಎಂದು ಯಾರಾದರೂ ಕೇಳಿದರೆ, ಆ ಕೇಳಿಕೆಯಲ್ಲಿ ನ್ಯಾಯದ ಧ್ವನಿಯುಂಟು. ಅದನ್ನು ಲಘುವಾಗಿ ತಳ್ಳಿಹಾಕಕೂಡದು. ಆದರೆ ಸ್ವಾತಂತ್ರ್ಯವೊಂದನ್ನು ಬೆಲೆಕಟ್ಟುವಾಗ ಅದು ಯಾವ ವಸ್ತುವಿನ ವಿಷಯದಲ್ಲಿ ದೊರೆಯುತ್ತಿದೆಯೆಂಬುದನ್ನು ಮೊದಲು ನೋಡಬೇಕು.

ಮೊಬೈಲ್ ನಂಬರನ್ನು ಉಳಿಸಿಕೊಂಡೇ ಕಂಪನಿಯನ್ನು ಬದಲಾಯಿಸುವಂತೆ ಕರೆಂಟಿನ ಕಂಪನಿಯನ್ನೂ ಬದಲಾಯಿಸಬಹುದು ಎಂಬುದು ಈ ವಾದದ ಜನಪ್ರಿಯ ರೂಪ. ದೂರವಾಣಿಯ ಕಂಪನಿಗಳು ಬೇರೆಬೇರೆ ಉಪಕರಣಗಳನ್ನು ಹೂಡಿ, ಬೇರೆಬೇರೆ ತರಂಗಗಳನ್ನು ಹರಾಜಿನಲ್ಲಿ ಪಡೆದು, ಒಂದರ ಸೇವೆಗಿಂತ ಇನ್ನೊಂದರ ಸೇವೆಯು ನಿಜವಾಗಿಯೂ ಭಿನ್ನವಾಗುವಂತೆ ನಡೆಸುತ್ತವೆ. ವಿದ್ಯುತ್ತಿನ ಸಂಗತಿ ಹಾಗಲ್ಲ. ರಟ್ಟೀಹಳ್ಳಿಯ ಒಂದು ಓಣಿಗೆ ಬರುವ ತಂತಿ ಒಂದೇ, ಆ ತಂತಿಗೆ ಬಲ ಕೊಡುವ ಟಿ.ಸಿ. (ವಿದ್ಯುತ್ ಪರಿವರ್ತಕ) ಒಂದೇ, ಅದರ ಹಿಂದಿನ ಉಪಕೇಂದ್ರವೂ ಒಂದೇ. ಮಾರಾಟಗಾರನ ಹೆಸರು ಬಿಲ್ಲಿನ ಮೇಲೆ ಯಾವುದೇ ಆಗಿರಲಿ, ಶರಾವತಿಯ ಜಲ, ರಾಯಚೂರಿನ ಕಲ್ಲಿದ್ದಲು, ಕೈಗಾದ ಅಣು, ಪಾವಗಡದ ಬಿಸಿಲು ಇವೆಲ್ಲವುಗಳಿಂದ ಹುಟ್ಟಿದ ಶಕ್ತಿಯು ಒಂದೇ ಜಾಲದಲ್ಲಿ ಕೂಡಿ ಹರಿಯುತ್ತದೆ. ಮದಗ ಮಾಸೂರಿನ ಕೆರೆಯಿಂದ ತುಂಬಿ ತಂದ ಕೊಡದ ನೀರನ್ನು ಇದು ಈ ಹಳ್ಳದ್ದು, ಇದು ಆ ಹಳ್ಳದ್ದು ಎಂದು ವಿಂಗಡಿಸಲು ಬಾರದಂತೆ ಇದನ್ನೂ ವಿಂಗಡಿಸಲಾಗದು. ಆದಕಾರಣ ಹೊಸ ಮಾರಾಟಗಾರನು ಬಂದರೂ ದೀಪವು ಹೆಚ್ಚು ಬೆಳಗುವುದಿಲ್ಲ, ಮಳೆಗಾಲದಲ್ಲಿ ಕಂಬ ಬಿದ್ದಾಗ ಎತ್ತಿ ನಿಲ್ಲಿಸುವ ಲೈನ್‌ಮನ್ ಬದಲಾಗುವುದಿಲ್ಲ.

ಬದಲಾಗಬಹುದಾದುದು ಬೆಲೆ ಮಾತ್ರ, ಅದಾದರೂ ಎಷ್ಟು? ವಿತರಣ ಕಂಪನಿಯ ವೆಚ್ಚದಲ್ಲಿ ಬಹುಪಾಲು ವಿದ್ಯುತ್ತನ್ನು ಕೊಳ್ಳುವುದಕ್ಕೇ ಹೋಗುತ್ತದೆ, ಮತ್ತು ಆ ಕೊಳ್ಳುವಿಕೆಯು ಇಪ್ಪತ್ತು ಇಪ್ಪತ್ತೈದು ವರ್ಷಗಳ ಒಪ್ಪಂದಗಳಲ್ಲಿ ಬಂಧಿತವಾಗಿದೆ. ಅದರ ಮೇಲೆ ಸಾಗಣೆಯ ವೆಚ್ಚ, ತಂತಿಯ ಬಾಡಿಗೆ, ಸೋರಿಹೋಗುವ ಶಕ್ತಿಯ ನಷ್ಟ, ಸರ್ಕಾರದ ತೆರಿಗೆ ಇವು ಯಾವ ಮಾರಾಟಗಾರನಿಗೂ ತಪ್ಪುವಂಥವಲ್ಲ. 2025ರ ಏಪ್ರಿಲ್‌ನಿಂದ ಕರ್ನಾಟಕದ ಬಿಲ್ಲುಗಳಲ್ಲಿ ನೌಕರರ ಪಿಂಚಣಿ ಮತ್ತು ಗ್ರಾಚ್ಯುಯಿಟಿಗಾಗಿ ಅಧಿಭಾರವೊಂದು ಸೇರಿದೆ; ಮೊದಲ ವರ್ಷದಲ್ಲಿ ಅದು ಯೂನಿಟ್ಟಿಗೆ 36 ಪೈಸೆಯಿತ್ತು. ಬಳಕೆದಾರರು ಚದರಿಹೋದರೆಂದು ಆ ಋಣವು ಕರಗಿಹೋಗದು. ಇವೆಲ್ಲವನ್ನೂ ಕಳೆದಮೇಲೆ ಮಾರಾಟಗಾರನ ಕೈಯಲ್ಲಿ ಉಳಿಯುವ ಭಾಗವು ಬಿಲ್ಲು ಬರೆಯುವ, ಹಣ ವಸೂಲಿ ಮಾಡುವ, ಲೆಕ್ಕವಿಡುವ ವೆಚ್ಚದ ಭಾಗ. ಸ್ಪರ್ಧೆಯಿಂದ ಅದನ್ನು ತಗ್ಗಿಸಬಹುದೆಂಬುದು ಸತ್ಯವಾದರೂ, ಆ ತಗ್ಗುವಿಕೆಯಿಂದ ಒಂದು ಸಂಸಾರದ ಖರ್ಚಿನಲ್ಲಿ ಗಣ್ಯವಾದ ಉಳಿತಾಯವಾದೀತೆಂದು ನಂಬಲು ಆಧಾರವಿಲ್ಲ.

ಹಾಗಾದರೆ ಬೇರೆಡೆ ದರವು ಕಡಿಮೆಯಾದುದು ಹೇಗೆ ಎಂದು ಓದುಗರು ಕೇಳಬಹುದು. ಇದಕ್ಕೆ ನಮ್ಮ ದೇಶದಲ್ಲಿಯೇ ಒಂದು ನಿದರ್ಶನವುಂಟು, ಮತ್ತು ಅದನ್ನು ಸಾವಧಾನವಾಗಿ ನೋಡಬೇಕು. ಮುಂಬಯಿಯ ಉಪನಗರಗಳಲ್ಲಿ ಬಹುಕಾಲದಿಂದ ಮನೆಗಳಿಗೆ ವಿದ್ಯುತ್ ಒದಗಿಸುತ್ತಿದ್ದುದು ಒಂದು ಕಂಪನಿ, ಅದು ಬಿ.ಎಸ್.ಇ.ಎಸ್., ತರುವಾಯ ರಿಲಯನ್ಸ್, 2018ರಿಂದ ಅದಾನಿ ಎಂದು ಹೆಸರು ಬದಲಾಯಿಸುತ್ತ ಬಂದಿದೆ. ಅದೇ ಪ್ರದೇಶದಲ್ಲಿ ಟಾಟಾ ಪವರ್ ಕಂಪನಿಗೂ ಪರವಾನಗಿಯಿತ್ತು; ಆ ಪರವಾನಗಿಯು ಮನೆಮನೆಗೆ ಮಾರುವುದಕ್ಕೂ ಸಲ್ಲುವುದೇ ಎಂಬ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ, 2008ರ ಜುಲೈ 8ರಂದು ಸಲ್ಲುತ್ತದೆಯೆಂಬ ತೀರ್ಪು ಬಂದಿತು. 2009ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು, ಹಳೆಯ ಕಂಪನಿಯ ತಂತಿಯ ಮೇಲೆಯೇ ಇದ್ದುಕೊಂಡು ಹೊಸ ಕಂಪನಿಯಿಂದ ವಿದ್ಯುತ್ತನ್ನು ಕೊಳ್ಳುವ ದಾರಿಯನ್ನು ತೆರೆಯಿತು. ಲಕ್ಷಾಂತರ ಮಂದಿ ಆ ದಾರಿಯನ್ನು ಹಿಡಿದರು. ಅವರ ಬಿಲ್ಲು ಇಳಿಯಿತು. ಇದನ್ನು ಅಲ್ಲಗಳೆಯುವುದು ಸತ್ಯಕ್ಕೆ ಅಪಚಾರ.

ಆದರೆ ಇಳಿದದ್ದು ಯಾವ ಕಾರಣದಿಂದ? ಟಾಟಾ ಕಂಪನಿಗೆ ಸ್ವಂತದ ಹಳೆಯ ಉತ್ಪಾದನಾಕೇಂದ್ರಗಳಿದ್ದುವು. ಅವುಗಳ ಅಗ್ಗದ ವಿದ್ಯುತ್ತಿನ ಲಾಭ ಅದರ ಗ್ರಾಹಕರಿಗೆ ದೊರೆಯಿತು. ಅಗ್ಗದ ವಿದ್ಯುತ್ತು ಹೊಸದಾಗಿ ಸೃಷ್ಟಿಯಾಗಲಿಲ್ಲ, ಇದ್ದುದೇ ಬೇರೆ ಕೈಗೆ ಹಂಚಿಕೆಯಾಯಿತು. ಇನ್ನು ಬಿಟ್ಟುಹೋದವರು ಯಾರೆಂಬುದು ಅದಕ್ಕಿಂತಲೂ ಮುಖ್ಯವಾದ ಪ್ರಶ್ನೆ. ಹೆಚ್ಚು ಬಳಸುವವರು, ಆದ್ದರಿಂದಲೇ ಹೆಚ್ಚಿನ ದರವನ್ನು ತೆತ್ತು ಬಡವರ ದರವನ್ನು ತಗ್ಗಿಸಿ ಇಡುತ್ತಿದ್ದವರು, ಮೊದಲು ಹೊರಟರು. ಅವರು ಹೋದಮೇಲೆ ಉಳಿದವರ ಹೊರೆಯನ್ನು ಯಾರು ಹೊರಬೇಕೆಂಬ ಜಗಳವು ವರ್ಷಗಟ್ಟಲೆ ನಡೆಯಿತು. ಹೀಗೆ ಒಬ್ಬರ ಹೆಚ್ಚಿನ ದರದಿಂದ ಇನ್ನೊಬ್ಬರ ದರವನ್ನು ತಗ್ಗಿಸುವ ಅಡ್ಡ ಸಬ್ಸಿಡಿಯು ತಪ್ಪದಂತೆ, ಹೋದವರ ಮೇಲೆ ಅದರ ಅಧಿಭಾರವನ್ನು ಹೇರಲಾಯಿತು. 2012ರ ಆಗಸ್ಟಿನಲ್ಲಿ ಆಯೋಗವು, ಹೊಸ ಕಂಪನಿಯು ಒಂದು ವರ್ಷದ ಮಟ್ಟಿಗೆ ತಿಂಗಳಿಗೆ 300 ಯೂನಿಟ್ಟಿನೊಳಗೆ ಬಳಸುವ ಮನೆಗಳನ್ನೇ ಈ ದಾರಿಯಿಂದ ಸೇರಿಸಿಕೊಳ್ಳಬೇಕೆಂದು ಆಜ್ಞಾಪಿಸಬೇಕಾಯಿತು. ಸ್ಪರ್ಧೆಯು ತಾನಾಗಿ ಸಣ್ಣ ಬಳಕೆದಾರನ ಬಾಗಿಲಿಗೆ ಬರುವುದಾಗಿದ್ದರೆ ಇಂತಹ ಆಜ್ಞೆಯ ಅಗತ್ಯವೇ ಬೀಳುತ್ತಿರಲಿಲ್ಲ. ಇದೆಲ್ಲ ನಡೆದುದು ಮನೆಗಳು ಒತ್ತೊತ್ತಾಗಿರುವ, ತಂತಿಯು ಗಿಡ್ಡವಾಗಿರುವ, ಗ್ರಾಹಕರು ಸ್ಥಿತಿವಂತರಾಗಿರುವ ನಗರದಲ್ಲಿ ಎಂಬುದನ್ನು ಮರೆಯಬಾರದು.

ಹೊರದೇಶಗಳ ಅನುಭವವನ್ನು ಹೆಚ್ಚು ಬೆಳೆಸದೆ ಹೇಳುತ್ತೇನೆ. ಬ್ರಿಟನ್ನಿನಲ್ಲಿ 1998-99ರಲ್ಲಿ ಪ್ರತಿಯೊಂದು ಮನೆಗೂ ಆಯ್ಕೆಯ ಹಕ್ಕು ದೊರೆಯಿತು. ಹದಿನೇಳು ವರ್ಷಗಳ ತರುವಾಯ, 2016ರಲ್ಲಿ, ಆ ದೇಶದ ಸ್ಪರ್ಧಾ ಪ್ರಾಧಿಕಾರವೇ ವಿಚಾರಣೆ ನಡೆಸಿ, ದೊಡ್ಡ ಕಂಪನಿಗಳ ಗೃಹಗ್ರಾಹಕರಲ್ಲಿ ನೂರಕ್ಕೆ ಎಪ್ಪತ್ತು ಮಂದಿ ದುಬಾರಿಯಾದ ಸಾಮಾನ್ಯ ದರದಲ್ಲಿಯೇ ಉಳಿದಿದ್ದಾರೆಂದೂ, ಗ್ರಾಹಕರು ವರ್ಷಕ್ಕೆ ಸರಾಸರಿ 140 ಕೋಟಿ ಪೌಂಡುಗಳಷ್ಟು ಹೆಚ್ಚಾಗಿ ತೆರುತ್ತಿದ್ದಾರೆಂದೂ ಕಂಡುಕೊಂಡಿತು. ಸ್ಪರ್ಧೆಯೇ ಬೆಲೆಯನ್ನು ಕಾಯುತ್ತದೆಯೆಂದು ಹೊರಟ ರಾಜ್ಯವು 2019ರ ಜನವರಿಯಿಂದ ಬೆಲೆಗೆ ಶಾಸನದ ಮೂಲಕ ಮಿತಿಯನ್ನು ಹಾಕಿತು. 2021ರಲ್ಲಿ ಅನಿಲದ ಬೆಲೆ ಏರಿದಾಗ ಸುಮಾರು ಮೂವತ್ತು ಸಣ್ಣ ಕಂಪನಿಗಳು ಒಂದರ ಹಿಂದೊಂದು ಮುಳುಗಿದುವು; ಅವುಗಳ ಸಾಲದ ಭಾರವು, ಅವುಗಳನ್ನು ಎಂದೂ ಸೇರದಿದ್ದ ಮನೆಗಳ ಬಿಲ್ಲಿನ ಮೇಲೂ ಬಿದ್ದಿತು. ಅಮೆರಿಕದ ಟೆಕ್ಸಾಸಿನಲ್ಲಿ, ನಮ್ಮ ಎಷ್ಟೋ ಕನ್ನಡ ಕುಟುಂಬಗಳು ನೆಲೆಸಿರುವ ಹ್ಯೂಸ್ಟನ್, ಡಲ್ಲಾಸ್ ನಗರಗಳಲ್ಲಿ, 2002ರಿಂದ ಮಾರಾಟಗಾರನನ್ನು ಆರಿಸಿಕೊಳ್ಳುವ ಪದ್ಧತಿಯಿದೆ; 2021ರ ಫೆಬ್ರುವರಿಯ ಹಿಮಗಾಳಿಯ ದಿನಗಳಲ್ಲಿ ಸಗಟು ಬೆಲೆಯು ಯೂನಿಟ್ಟಿಗೆ 9 ಡಾಲರಿಗೆ ಏರಿದಾಗ, ಸಗಟು ದರದಲ್ಲಿಯೇ ಕೊಳ್ಳುವ ಕರಾರನ್ನು ಆರಿಸಿಕೊಂಡಿದ್ದ ಮನೆಗಳಿಗೆ ಸಾವಿರಾರು ಡಾಲರುಗಳ ಬಿಲ್ಲು ಬಂದಿತು. ಅದೇ ರಾಜ್ಯದ ಆಸ್ಟಿನ್ ನಗರವು ವಿದ್ಯುತ್ತನ್ನು ಪೌರಾಡಳಿತದ ಕೈಯಲ್ಲಿಯೇ ಇಟ್ಟುಕೊಂಡಿದೆ.

ಇನ್ನು ನಮ್ಮ ಪ್ರದೇಶಕ್ಕೆ ಬರೋಣ. ಖಾಸಗಿ ಕಂಪನಿಯೆಂಬುದು ಈ ನಾಡಿಗೆ ಹೊಸದಲ್ಲ. ಮುಂಬಯಿ ಪ್ರಾಂತ್ಯದ ಕಾಲದಲ್ಲಿ ಹುಬ್ಬಳ್ಳಿ ಎಲೆಕ್ಟ್ರಿಸಿಟಿ ಕಂಪನಿಯೆಂಬುದೊಂದಿತ್ತು. 1910ರ ವಿದ್ಯುತ್ ಕಾಯಿದೆಯ ನಾಲ್ಕನೆಯ ಕಲಮಿನ ಮೇರೆಗೆ ಸರ್ಕಾರವು ಅದರ ಪರವಾನಗಿಯನ್ನು ರದ್ದುಪಡಿಸಿದ ವ್ಯಾಜ್ಯವು ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೂ ಹೋಗಿ, ಕಂಪನಿಯು ಕರ್ತವ್ಯದಲ್ಲಿ ತಪ್ಪಿದೆಯೇ ಎಂಬ ಅಭಿಪ್ರಾಯವನ್ನು ತಾಳುವುದು ಸರ್ಕಾರಕ್ಕೆ ಸೇರಿದ್ದೆಂಬ ನಿರ್ಣಯದಿಂದ ಇಂದಿಗೂ ನ್ಯಾಯಶಾಸ್ತ್ರದ ಗ್ರಂಥಗಳಲ್ಲಿ ಉಲ್ಲೇಖಗೊಳ್ಳುತ್ತಿದೆ. ಅಂತಹ ಕಂಪನಿಗಳು ನಗರಗಳನ್ನು ಬೆಳಗಿದುವು. ಹಳ್ಳಿಗಳತ್ತ ತಂತಿಯನ್ನೆಳೆಯಲು ಅವಕ್ಕೆ ಕಾರಣವಿರಲಿಲ್ಲ. 1948ರ ವಿದ್ಯುತ್ ಸರಬರಾಜು ಕಾಯಿದೆಯಿಂದ ರಾಜ್ಯಮಂಡಳಿಗಳ ಕಲ್ಪನೆ ಮೂಡಿ, 1957ರಲ್ಲಿ ನಮ್ಮ ರಾಜ್ಯದ ಮಂಡಳಿ ಸ್ಥಾಪಿತವಾಗಿ, ಲಾಭನಷ್ಟದ ಗಣನೆಯನ್ನು ಮೀರಿದ ಸಾರ್ವಜನಿಕ ಸಂಕಲ್ಪವೊಂದು ಕೆಲಸ ಮಾಡಿದುದರಿಂದಲೇ ಹಳ್ಳಿಗಳಲ್ಲಿ ಹಿಟ್ಟಿನ ಗಿರಣಿ ತಿರುಗಿತು, ಗೋವಿನಜೋಳದ ಹೊಲದ ಕೊಳವೆಬಾವಿಯಲ್ಲಿ ಮೋಟಾರು ಇಳಿಯಿತು.

ಆ ಸಂಕಲ್ಪದ ಆರ್ಥಿಕ ರೂಪವೇ ಇಂದಿನ ದರಪದ್ಧತಿ. ಬೆಂಗಳೂರಿನ ಅಂಗಡಿಯೂ ಕಾರ್ಖಾನೆಯೂ ವೆಚ್ಚಕ್ಕಿಂತ ಹೆಚ್ಚು ತೆರುವುದರಿಂದ, ಸರ್ಕಾರವೂ ಬೊಕ್ಕಸದಿಂದ ಪೂರೈಸುವುದರಿಂದ, ಉದ್ದನೆಯ ತಂತಿಯ ಕೊನೆಯಲ್ಲಿರುವ ರಟ್ಟೀಹಳ್ಳಿ ತಾಲ್ಲೂಕಿನ ಮನೆಗೂ ರಾಜಧಾನಿಯ ಮನೆಗೂ ಒಂದೇ ದರ ಸಾಧ್ಯವಾಗಿದೆ. 2024ರ ಏಪ್ರಿಲ್‌ನಲ್ಲಿ ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಬಳಕೆಯ ಹಂತಗಳನ್ನು ತೆಗೆದು ಗೃಹಬಳಕೆಗೆ ಯೂನಿಟ್ಟಿಗೆ 5 ರೂಪಾಯಿ 90 ಪೈಸೆಯೆಂದು ನಿಗದಿಪಡಿಸಿದಾಗಲೂ ಈ ಭೇದರಾಹಿತ್ಯವನ್ನು ಕಾಪಾಡಿತು. ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ವಿದ್ಯುತ್ತು ಉಚಿತ; ಹೆಸ್ಕಾಂ ಮಾರುವ ವಿದ್ಯುತ್ತಿನಲ್ಲಿ ಅವುಗಳ ಪಾಲು ಬಹು ದೊಡ್ಡದು. 2023ರ ಆಗಸ್ಟಿನಿಂದ ಗೃಹಜ್ಯೋತಿ ಯೋಜನೆಯ ಮೇರೆಗೆ, ತಿಂಗಳಿಗೆ 200 ಯೂನಿಟ್ಟಿನ ಮಿತಿಯೊಳಗೆ, ಹಿಂದಿನ ಸರಾಸರಿ ಬಳಕೆಗೆ ತುಸು ಹೆಚ್ಚಳವನ್ನು ಸೇರಿಸಿದಷ್ಟು ಬಳಸುವ ಮನೆಗಳಿಗೆ ಶೂನ್ಯದ ಬಿಲ್ಲು ಬರುತ್ತಿದೆ. ಶೂನ್ಯಕ್ಕಿಂತ ಕಡಿಮೆಯ ದರವನ್ನು ಯಾವ ಮಾರಾಟಗಾರನೂ ನೀಡಲಾರ. ಆದುದರಿಂದ ಗ್ರಾಮದ ಬಹುಸಂಖ್ಯೆಯ ಮನೆಗಳಿಗೆ ಆಯ್ಕೆಯಿಂದ ದೊರೆಯುವುದೇನೂ ಇಲ್ಲ. ಕಳೆದುಹೋಗುವ ಸಂಭವವು ಮಾತ್ರ ಉಂಟು. ಹುಬ್ಬಳ್ಳಿಯ ದೊಡ್ಡ ವ್ಯಾಪಾರಿಗಳೂ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಗಳೂ, ನಗರದ ಸ್ಥಿತಿವಂತರ ಬಡಾವಣೆಗಳೂ ಬೇರೆ ಕಂಪನಿಯನ್ನು ಹಿಡಿದಾಗ, ಹೆಸ್ಕಾಂ ಪಾಲಿಗೆ ಉಳಿಯುವುದು ಉಚಿತದ ಪಂಪ್‌ಸೆಟ್ಟು, ದೂರದ ತಂತಿ ಮತ್ತು ಸರ್ಕಾರವು ಯಾವಾಗ ಕೊಡುವುದೋ ಎಂದು ಕಾಯಬೇಕಾದ ಸಬ್ಸಿಡಿಯ ಹಣ.

2022ರ ವಿಧೇಯಕವನ್ನು ರಚಿಸಿದವರು ಈ ಅಪಾಯವನ್ನು ಕಾಣದೆ ಇರಲಿಲ್ಲ. ಅದರಲ್ಲಿ ಅಡ್ಡ ಸಬ್ಸಿಡಿಯ ಸಮತೋಲನಕ್ಕಾಗಿ ಒಂದು ನಿಧಿಯನ್ನು ಕಲ್ಪಿಸಿ, ಲಾಭದಲ್ಲಿರುವ ಮಾರಾಟಗಾರನ ಹೆಚ್ಚಳವು ನಷ್ಟದಲ್ಲಿರುವವನಿಗೆ ಸಲ್ಲುವಂತೆ ಮಾಡುವ ಉದ್ದೇಶವಿತ್ತು; ಒಂದೇ ಪ್ರದೇಶದ ಹಲವು ಮಾರಾಟಗಾರರಿಗೆ ಗರಿಷ್ಠ ಕನಿಷ್ಠ ದರಗಳ ಕಟ್ಟಳೆಯೂ ಇತ್ತು. ಈ ಏರ್ಪಾಡು ಪ್ರಾಮಾಣಿಕವಾಗಿ ನಡೆದರೆ ಒಬ್ಬ ಮಾರಾಟಗಾರನಿಗೂ ಇನ್ನೊಬ್ಬನಿಗೂ ದರದಲ್ಲಿ ಹೇಳಿಕೊಳ್ಳುವಂತಹ ಅಂತರವು ಉಳಿಯದು, ಬದಲಾವಣೆಯ ಪ್ರಯೋಜನವೇ ಕ್ಷೀಣಿಸುವುದು. ಪ್ರಾಮಾಣಿಕವಾಗಿ ನಡೆಯದಿದ್ದರೆ ಗ್ರಾಮಾಂತರದ ವಿತರಕನು ದಿವಾಳಿಯಾಗುವನು. ಇವೆರಡರ ನಡುವೆ ಮೂರನೆಯ ಗತಿಯೊಂದು ಇದೆಯೆಂದು ಯಾರೂ ಇದುವರೆಗೆ ಸಪ್ರಮಾಣವಾಗಿ ತೋರಿಸಿಲ್ಲ. 2025ರ ಕರಡಂತೂ ಕಾರ್ಖಾನೆ, ರೈಲ್ವೆಗಳ ಮೇಲಿನ ಅಡ್ಡ ಸಬ್ಸಿಡಿಯ ಭಾರವನ್ನು ಐದು ವರ್ಷಗಳಲ್ಲಿ ತೊಡೆದುಹಾಕುವ ಮಾತನ್ನಾಡುತ್ತದೆ. ಆ ಭಾರವು ಇಳಿದು ಎಲ್ಲಿಗೆ ಬರುವುದೆಂಬುದನ್ನು ಹೊಲದಲ್ಲಿ ಮೋಟಾರು ಇಟ್ಟಿರುವ ಪ್ರತಿಯೊಬ್ಬನೂ ಕೇಳಬೇಕು.

ಇಷ್ಟು ಹೇಳಿದುದರಿಂದ ನಾನು ಇಂದಿನ ಏಕಸ್ವಾಮ್ಯವನ್ನು ಸಮರ್ಥಿಸಿದಂತಾಗಲಿಲ್ಲ. ಟಿ.ಸಿ. ಸುಟ್ಟರೆ ಬೆಳೆ ಬಾಡುವವರೆಗೂ ಕಾಯಬೇಕಾದ ರೈತನ ಸಂಕಟ, ಮೀಟರಿನ ಓದಿಗೂ ಬಿಲ್ಲಿಗೂ ಹೊಂದದ ಲೆಕ್ಕ, ತ್ರೀ ಫೇಸ್ ಕರೆಂಟು ಅಪರಾತ್ರಿಯಲ್ಲಿ ಬಂದು ಹಾವುಹುಳುಗಳ ನಡುವೆ ನೀರು ಹಾಯಿಸಬೇಕಾದ ದುರವಸ್ಥೆ ಇವು ಕಲ್ಪಿತವಲ್ಲ. ಎಲ್ಲಿಗೂ ಹೋಗಲಾರದ ಗ್ರಾಹಕನನ್ನು ಸಂಸ್ಥೆಯು ಕಡೆಗಣಿಸುವುದು ಸುಲಭವೆಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ ಆ ಕಡೆಗಣನೆಗೆ ಮದ್ದು ಬಿಟ್ಟುಹೋಗುವ ಹಕ್ಕೊಂದೇ ಅಲ್ಲ. ಬಿಟ್ಟುಹೋಗಬಲ್ಲವರು ಹೋದಮೇಲೆ ಉಳಿದವರ ಧ್ವನಿಯು ಇನ್ನಷ್ಟು ಕುಗ್ಗುತ್ತದೆ, ಏಕೆಂದರೆ ದೂರನ್ನು ಬರೆಯಬಲ್ಲ, ಆಯೋಗದ ಮುಂದೆ ನಿಂತು ಅಂಕಿಸಂಖ್ಯೆಗಳನ್ನಿಟ್ಟು ವಾದಿಸಬಲ್ಲ ಗ್ರಾಹಕರೇ ಸಾಮಾನ್ಯವಾಗಿ ಮೊದಲು ಹೊರಡುವವರು.

ಉಳಿದಿರುವ ಮಾರ್ಗಗಳನ್ನು ನಾವು ಸರಿಯಾಗಿ ತುಳಿದೇ ಇಲ್ಲ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 1999ರಿಂದ ಇದೆ. ದರವನ್ನು ನಿರ್ಣಯಿಸುವ ಮುನ್ನ ಅದು ಕಂಪನಿಯ ಅರ್ಜಿಯನ್ನು ಪ್ರಕಟಿಸಿ, ಆಕ್ಷೇಪಣೆಗಳನ್ನು ಕರೆದು, ಬಹಿರಂಗ ವಿಚಾರಣೆಯನ್ನು ನಡೆಸಬೇಕು. ಗ್ರಾಮಾಂತರದಲ್ಲಿ ಕೆಟ್ಟ ಟಿ.ಸಿ.ಯನ್ನು 72 ತಾಸಿನೊಳಗೆ ಬದಲಾಯಿಸಬೇಕೆಂದು ಆಯೋಗದ ಸೇವಾಮಾನದಂಡವು ವಿಧಿಸುತ್ತದೆ, ತಪ್ಪಿದರೆ ಗ್ರಾಹಕನಿಗೆ ಪರಿಹಾರವೂ ಉಂಟು. ಆ ಪರಿಹಾರವನ್ನು ಕೇಳಿ ಪಡೆದ ರೈತನನ್ನು ಕಾಣುವುದು ಮಾತ್ರ ಅಪರೂಪ. ಗ್ರಾಹಕರ ಕುಂದುಕೊರತೆಗಳ ನಿವಾರಣೆಗೆ ವೇದಿಕೆಯಿದೆ, ಅದರ ಮೇಲೆ ಲೋಕಪಾಲನಂತಹ ಅಧಿಕಾರಿಯೂ ಇದ್ದಾನೆ. ಇವೆಲ್ಲ ಕಾಗದದ ಮೇಲೆ ಮಲಗಿರುವುದಕ್ಕೆ ಇಲಾಖೆಯಷ್ಟೇ ನಮ್ಮ ಔದಾಸೀನ್ಯವೂ ಕಾರಣ.

ಆಯ್ಕೆಗಿಂತ ಆಳವಾದ ಒಡೆತನದ ಮಾದರಿಯೂ ಹೆಸ್ಕಾಂ ಜಿಲ್ಲೆಗಳ ನಡುವೆಯೇ ಇದೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ ವಿದ್ಯುತ್ತನ್ನು ಹಂಚುವುದು ಹೆಸ್ಕಾಂ ಅಲ್ಲ, ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ. ಅಲ್ಲಿ ಬಳಕೆದಾರನೇ ಸದಸ್ಯ, ಸದಸ್ಯನೇ ಮತದಾರ, ದರದ ಮೇಲೆ ಆಯೋಗದ ನಿಗಾ. ಸಹಕಾರ ಸಂಘಗಳ ಚುನಾವಣೆಗಳು ಬಲವಂತರ ಅಖಾಡಗಳಾಗುವ ದೋಷವನ್ನು ನಾನು ಮರೆಮಾಚುವುದಿಲ್ಲ. ಆದರೂ ವಿದ್ಯುತ್ತನ್ನು ಕೊಳ್ಳುವವನೇ ಆಡಳಿತಮಂಡಳಿಯನ್ನು ಬದಲಾಯಿಸಬಲ್ಲನೆಂಬುದು ಕಂಪನಿಯನ್ನು ಬದಲಾಯಿಸುವುದಕ್ಕಿಂತ ದೊಡ್ಡ ಅಧಿಕಾರ. ಇನ್ನೊಂದು ಸ್ವಾತಂತ್ರ್ಯವು ಮನೆಯ ಚಾವಣಿಯ ಮೇಲೆಯೇ ದೊರೆಯುತ್ತಿದೆ. 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ, ಎರಡು ಕಿಲೋವಾಟಿನ ಸೌರಫಲಕಗಳಿಗೆ 60,000 ರೂಪಾಯಿಗಳ, ಮೂರು ಮತ್ತು ಅದಕ್ಕೆ ಮೀರಿದವಕ್ಕೆ 78,000 ರೂಪಾಯಿಗಳ ಸಹಾಯಧನವುಂಟು. ಹಾವೇರಿ ಜಿಲ್ಲೆಯ ಬಿಸಿಲಿಗೆ ಕೊರತೆಯಿಲ್ಲ. ಗೃಹಜ್ಯೋತಿಯ ಶೂನ್ಯದ ಬಿಲ್ಲಿರುವವನಿಗೆ ಇದು ಆಕರ್ಷಕವಲ್ಲವೆಂಬುದು ನಿಜ. ಆದರೆ 200 ಯೂನಿಟ್ಟಿನ ಗೆರೆಯನ್ನು ದಾಟುವ ಮನೆಗೆ, ಗಿರಣಿಯ ಮಾಲೀಕನಿಗೆ, ಅಂಗಡಿಕಾರನಿಗೆ, ತಾನೇ ಉತ್ಪಾದಕನಾಗುವ ಈ ದಾರಿಯು ನೆರೆಯವನ ಬೆಲೆಯನ್ನು ಒಮ್ಮೆಗೇ ಏರಿಸದೆ ತನ್ನ ಬೆಲೆಯನ್ನು ಇಳಿಸಿಕೊಳ್ಳಲು ನೆರವಾಗುತ್ತದೆ. ಸಹಾಯಧನವು ಮಾತ್ರ ಮನೆಗಳಿಗೆ ಮೀಸಲು, ಅಂಗಡಿಗೂ ಗಿರಣಿಗೂ ಅದನ್ನು ವಿಸ್ತರಿಸಬೇಕೆಂಬುದು ನ್ಯಾಯವಾದ ಬೇಡಿಕೆ.

ರಟ್ಟೀಹಳ್ಳಿ, ಹಿರೇಕೆರೂರು, ಹಾನಗಲ್ಲ, ಶಿಗ್ಗಾಂವಿ, ಸವಣೂರು ತಾಲ್ಲೂಕುಗಳ ಓದುಗರಲ್ಲಿ ನನ್ನ ವಿನಂತಿ ಇದು: ದರಪರಿಷ್ಕರಣೆಯ ಪ್ರಕಟಣೆಯು ಪತ್ರಿಕೆಯಲ್ಲಿ ಬಂದಾಗ ಅದನ್ನು ಮಡಿಚಿ ಇಡಬೇಡಿರಿ. ನಿಮ್ಮ ರೈತಸಂಘದಲ್ಲಿ, ಮಹಿಳಾ ಸ್ವಸಹಾಯ ಸಂಘದಲ್ಲಿ, ವರ್ತಕರ ಸಂಘದಲ್ಲಿ ಅದನ್ನು ಗಟ್ಟಿಯಾಗಿ ಓದಿಸಿರಿ. ನಿಮ್ಮ ಊರಿನಲ್ಲಿ ಎಷ್ಟು ಟಿ.ಸಿ.ಗಳು ಎಷ್ಟು ತಾಸು ಕೆಟ್ಟು ನಿಂತಿದ್ದುವೆಂಬುದನ್ನು ದಿನಾಂಕಸಹಿತ ಬರೆದಿಟ್ಟು, ಆಕ್ಷೇಪಣೆಯ ಪತ್ರದೊಂದಿಗೆ ಗಡುವಿನೊಳಗೆ ಆಯೋಗಕ್ಕೆ ಕಳುಹಿಸಿರಿ; ವಿಚಾರಣೆಯ ದಿನ ಕನಿಷ್ಠಪಕ್ಷ ಒಬ್ಬರನ್ನಾದರೂ ಹುಬ್ಬಳ್ಳಿಗೆ ಕಳುಹಿಸಿರಿ.